ಅದುಮಿದ ನೆನಪು ಸಿಡಿದೇಳಲೇಬೇಕೆಂದಿಲ್ಲ

ಮಾನ್ಯರೇ,

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಈಚೆಗೆ ಪ್ರಕಟವಾದ ಬರಹವೊಂದು, ಕಹಿ ನೆನಪನ್ನು ಅದುಮಿದಷ್ಟೂ ಅದು ಇಮ್ಮಡಿಯಾಗಿ ಎದ್ದುಬರುತ್ತದೆ, ಆದ್ದರಿಂದ ಎಲ್ಲವನ್ನೂ ಹೇಳಿಕೊಂಡು ಹಗುರಾಗುವುದೊಂದೇ ದಾರಿ ಎಂದಿತ್ತು. ಹೇಳಿಕೊಂಡರೆ ಹಗುರಾಗುವವರು ಹೇಳಿಕೊಳ್ಳಲಿ. ನನ್ನ ತಕರಾರು ‘ಒಂದೇ ದಾರಿ’ ಎಂಬ ಮಾತಿನ ಬಗ್ಗೆ ಮಾತ್ರ.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದಾಗ, ಅಫಜಲಪುರ ತಾಲ್ಲೂಕಿನ ನದಿದಂಡೆಯ ಊರಿನಲ್ಲಿರುವ ನನ್ನ ತಂಗಿಯ ಮನೆಯ ಹಿಂಗೋಡೆ ರಾತ್ರೋರಾತ್ರಿ ಕುಸಿಯಿತು, ಕಟ್ಟಿದ್ದ ಎರಡು ಎಮ್ಮೆಗಳು ನೀರುಪಾಲಾದವು. ಆಮೇಲೆ ಎಷ್ಟೋ ತಿಂಗಳು, ಬಚ್ಚಲಲ್ಲಿ ಯಾರಾದರೂ ಕೊಡಕ್ಕೆ ನೀರು ಬಿಟ್ಟರೆ ಸಾಕು, ರೊಟ್ಟಿ ಬಡಿಯುತ್ತಿದ್ದ ಅವಳ ಕೈ ಹಿಟ್ಟಿನ ಮೇಲೆಯೇ ನಿಂತುಬಿಡುತ್ತಿತ್ತು. ಹಂಚಿನ ಮೇಲಿದ್ದ ರೊಟ್ಟಿ ಕರಕಾಗುತ್ತಿತ್ತು. ಈಗ ಕೈ ನಿಲ್ಲುವುದಿಲ್ಲ. ಹೇಗೆಂದು ಕೇಳಿದ್ದಕ್ಕೆ, “ಬಾಗಲ ತನಕ ಬಂದ್ರ ಬರ್ಲಿ ಅಣ್ಣಾ, ಒಳಗ ಬಂದು ಕುಂದ್ರು ಅಂತ ನಾ ಅನ್ನಂಗಿಲ್ಲ” ಎಂದಳು.

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ, ಆಕೆಯ ಈ ಮಾತು ಪ್ರಯೋಗಾಲಯದ ಮಾತಿಗೆ ಎಷ್ಟು ಹತ್ತಿರವಿದೆ ಎಂಬುದು ತಡವಾಗಿ ತಿಳಿಯಿತು. ತಮ್ಮ ಲೇಖಕರು ಹೇಳಿದ ನಂಬಿಕೆಗೆ ಬಹುಮಟ್ಟಿಗೆ ಆಧಾರವಾಗಿರುವುದು 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ರಕಟಿಸಿದ ಪ್ರಯೋಗ. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದಾಗಲೆಲ್ಲ ಗಂಟೆ ಬಾರಿಸಿ ಎಂದು ಅಲ್ಲಿ ಹೇಳಲಾಗಿತ್ತು. ಹೀಗೆ ತಡೆದವರಿಗೆ ಆಮೇಲೆ ಕರಡಿಯೇ ಹೆಚ್ಚು ನೆನಪಾಯಿತು. ಆದರೆ ಬಾರದಂತೆ ತಡೆಯಬೇಕಾದವನಿಗೇ ‘ಬಂತೇ, ಬಂತೇ’ ಎಂದು ನೋಡುತ್ತಿರುವ ಕೆಲಸವನ್ನೂ ವಹಿಸಿದರೆ ಕರಡಿ ಬಾರದೆ ಇನ್ನೇನಾದೀತು? 2001ರಲ್ಲಿ ಮೈಕೆಲ್ ಆ್ಯಂಡರ್ಸನ್ ಮತ್ತು ಕಾಲಿನ್ ಗ್ರೀನ್ ಬೇರೆ ಬಗೆಯಲ್ಲಿ ನೋಡಿದರು. ಮೊದಲು ಜೋಡಿ ಪದಗಳನ್ನು ಕಲಿಸಿ, ಬಳಿಕ ಜೋಡಿಯ ಒಂದು ಪದವನ್ನಷ್ಟೇ ತೋರಿಸಿ, ಕೆಲವಕ್ಕೆ ಜತೆಯ ಪದವನ್ನು ನೆನೆಯಲು, ಇನ್ನು ಕೆಲವಕ್ಕೆ ಕಣ್ಣು ಅದರ ಮೇಲಿದ್ದರೂ ಜತೆಯ ಪದ ಮನಸ್ಸಿಗೆ ಬಾರದಂತೆ ತಡೆಯಲು ಹೇಳಿದರು. ಹೀಗೆ ಹಲವು ಸಲ ತಡೆದ ಪದಗಳು ಕೊನೆಯ ಪರೀಕ್ಷೆಯಲ್ಲಿ, ನಡುವೆ ಸುಮ್ಮನೆ ಬಿಟ್ಟಿದ್ದ ಪದಗಳಿಗಿಂತಲೂ ಕಡಿಮೆ ನೆನಪಾದವು. ಬೇರೆ ಸುಳಿವು ಕೊಟ್ಟು ಕೇಳಿದರೂ ಹಾಗೆಯೇ ಆಯಿತು. ತಡೆದದ್ದು ಸಿಡಿದೇಳಲಿಲ್ಲ, ಸವೆಯಿತು.

2004ರಲ್ಲಿ ಇದೇ ಕೆಲಸವನ್ನು ಸ್ಕ್ಯಾನ್ ಯಂತ್ರದೊಳಗೆ ಮಾಡಿಸಿದಾಗ, ಹಣೆಯ ಹಿಂದಿರುವ ಮಿದುಳಿನ ಭಾಗ ಚುರುಕಾಗಿ, ನೆನಪನ್ನು ಎತ್ತಿಕೊಡುವ ಹಿಪೊಕ್ಯಾಂಪಸ್‌ನ ಚಟುವಟಿಕೆ ತಗ್ಗಿದ್ದು ಕಂಡಿತು. ಈ ಹಿಪೊಕ್ಯಾಂಪಸ್‌ನಲ್ಲಿ ಗಾಬಾ ಎಂಬ ತಡೆಯೊಡ್ಡುವ ರಾಸಾಯನಿಕ ಹೆಚ್ಚಿದ್ದವರು ಬೇಡದ ನೆನಪನ್ನು ಹೆಚ್ಚು ಚೆನ್ನಾಗಿ ತಡೆಯುತ್ತಾರೆಂಬುದು 2017ರಲ್ಲಿ ಗೊತ್ತಾಯಿತು. ಪದಗಳ ಮಾತಿರಲಿ, ಬದುಕಿನ ಭಯಗಳ ಕಥೆಯೇನು ಎಂದು ಕೇಳುವವರಿಗೆ 2023ರ ಅಧ್ಯಯನವಿದೆ: 16 ದೇಶಗಳ 120 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೂರು ದಿನ ತಮ್ಮ ತಮ್ಮ ಭಯಗಳನ್ನೇ, ಉಳಿದವರಿಗೆ ಸಾಧಾರಣ ಸಂಗತಿಗಳನ್ನು ತಡೆಯುವ ತರಬೇತಿ ಕೊಟ್ಟಾಗ, ತಡೆದ ಭಯಗಳು ಮಸುಕಾದವು, ಅವು ಮರುಕಳಿಸಿ ಕಾಡಿದ ಲಕ್ಷಣ ಕಾಣಲಿಲ್ಲ.

ತಡೆಯುವುದೆಂದರೆ ಅಳಿಸುವುದಲ್ಲ. ಪರಿಹಾರದ ಅರ್ಜಿಗೆ ಕೇಳಿದರೆ ನನ್ನ ತಂಗಿ ಇಂದಿಗೂ ಗೋಡೆಯ ಅಳತೆ, ಎಮ್ಮೆಗಳ ವಯಸ್ಸು, ನೀರು ಮನೆ ಹೊಕ್ಕ ಹೊತ್ತು ಒಂದನ್ನೂ ಬಿಡದೆ ಹೇಳುತ್ತಾಳೆ. (ಪರಿಹಾರದ ವಿಷಯ ಬೇರೆಯೇ ಒಂದು ಪತ್ರಕ್ಕಾಗುವಷ್ಟಿದೆ.) ಎಲ್ಲರಿಗೂ ಈ ಶಕ್ತಿ ಒಂದೇ ಸಮನಾಗಿ ಉಳಿದಿರುತ್ತದೆ ಎಂದೂ ನಾನು ಹೇಳುತ್ತಿಲ್ಲ. 2015ರ ಪ್ಯಾರಿಸ್ ದಾಳಿಯನ್ನು ಕಂಡು ಬದುಕುಳಿದ 102 ಮಂದಿಯನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಘಾತದಿಂದ ರೋಗಕ್ಕೆ ತುತ್ತಾದವರಲ್ಲಿ ಈ ತಡೆಯ ವ್ಯವಸ್ಥೆಯೇ ಸಡಿಲವಾಗಿತ್ತು. ಅದೇ ದಾಳಿಯನ್ನು ಕಂಡೂ ರೋಗಕ್ಕೆ ಸಿಲುಕದವರಲ್ಲಿ ಅದು ಗಟ್ಟಿಯಾಗಿತ್ತು. ಮೊದಲ ಗುಂಪಿನವರಿಗೆ ‘ಮರೆತುಬಿಡು’ ಎಂದು ಹೇಳಿ ಎದ್ದುಹೋದರೆ ಆಗದು, ಅವರಿಗೆ ವೈದ್ಯರೇ ಬೇಕು.

ಇಷ್ಟನ್ನು ಪತ್ರಿಕೆಗೇ ಬರೆಯಲು ಕಾರಣವಿದೆ. ಪ್ರತಿ ಮಳೆಗಾಲದಲ್ಲಿ ಭೀಮೆಯ ದಂಡೆಗೆ ಮೈಕು, ಕ್ಯಾಮೆರಾ ಹಿಡಿದು ಬರುವವರು ‘ಆ ರಾತ್ರಿ ಏನಾಯಿತು, ಹೇಳಿ’ ಎಂದು ಹೆಂಗಸರನ್ನು ಕುಸಿದ ಗೋಡೆಯ ಮುಂದೆಯೇ ನಿಲ್ಲಿಸುತ್ತಾರೆ. ಹೋದ ವರ್ಷ ನನ್ನ ತಂಗಿ ಒಲ್ಲೆನೆಂದಾಗ, ಮನಸ್ಸಿನಲ್ಲಿಟ್ಟುಕೊಂಡರೆ ರೋಗವಾಗುತ್ತದೆ ಎಂದು ಅವಳಿಗೇ ಬುದ್ಧಿ ಹೇಳಿ ಹೋದರು. ತಮ್ಮ ವರದಿಗಾರರು ಹೇಳಲು ಮನಸ್ಸಿದೆಯೇ ಎಂದು ಮೊದಲು ಕೇಳಲಿ, ಇಲ್ಲವೆಂದವರ ಮನೆಯಿಂದ ಮುಂದೆ ಹೋಗಲಿ. ಆರೋಗ್ಯ ಪುಟದ ಇಂಥ ಬರಹಗಳ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ತಪ್ಪದೆ ಅಚ್ಚುಮಾಡಬೇಕೆಂದೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಕಲಬುರಗಿ