ಮಲ್ಪೆಯಲ್ಲಿ ಬಲೆ ಹೆಣೆಯುತ್ತಿದ್ದ ಅಣ್ಣನಿಗೆ

ಭಾನುವಾರ ಮಲ್ಪೆ ಬಂದರಿನಲ್ಲಿ ನಮ್ಮ ಸ್ಕೌಟ್ ಮಕ್ಕಳಿಗೆ ಗಂಟು ಕಲಿಸಿದ ಅಣ್ಣಾ, ಹೆಸರು ಕೇಳಿದರೆ ನಕ್ಕು ಬಲೆಯತ್ತ ತಿರುಗಿದಿರಿ. ಹಾಗಾಗಿ ಧನ್ಯವಾದ ಇಲ್ಲೇ ಹೇಳುತ್ತಿದ್ದೇನೆ.

ಒಂದೇ ದಪ್ಪದ ಹಗ್ಗಗಳಿಗೆ ರೀಫ್ ನಾಟ್, ದಪ್ಪಕ್ಕೆ ತೆಳುವನ್ನು ಸೇರಿಸಲು ಶೀಟ್ ಬೆಂಡ್ ಅಂತ ಮಕ್ಕಳು ಬಾಯಿಪಾಠ ಮಾಡಿದ್ದರು. ಆ ಶೀಟ್ ಬೆಂಡೇ ನಿಮ್ಮ ಬಲೆಯ ಕಣ್ಣುಕಣ್ಣಿನಲ್ಲೂ ಇದೆ ಎಂದು ತೋರಿಸಿದಿರಲ್ಲ, ಅವರ ಮುಖ ನೋಡಬೇಕಿತ್ತು! ಹರಿದ ಜಾಗವನ್ನು ಅವರ ಕೈಯಲ್ಲೇ ಕಟ್ಟಿಸಿದಿರಿ. ಸಡಿಲವಾದದ್ದನ್ನು ಬೈಯದೆ ಬಿಚ್ಚಿಸಿ ಮತ್ತೆ ಹಾಕಿಸಿದಿರಿ. (ನನಗಂತೂ ಅಷ್ಟು ತಾಳ್ಮೆಯಿಲ್ಲ.) ಚಹಾಕ್ಕೂ ಒಪ್ಪಲಿಲ್ಲ. ಉಪಕಾರಕ್ಕೆ ಪ್ರತಿಫಲ ಪಡೆಯಬಾರದೆಂದು ಸ್ಕೌಟ್‌ಗಳಿಗೆ ನಾವು ಹೇಳಿಕೊಡುತ್ತೇವೆ, ನಿಮಗೆ ಯಾರು ಹೇಳಿದ್ದರೋ!

ಹೊರಡುವಾಗ ಮಕ್ಕಳು ಎಡಗೈ ಚಾಚಿದ್ದಕ್ಕೆ ತಪ್ಪು ತಿಳಿಯಬೇಡಿ, ಸ್ಕೌಟ್‌ಗಳು ಕೈಕುಲುಕುವುದೇ ಹಾಗೆ.