ಬಿಟ್ಟುಹೋದ ಒಂದು ನಿಬಂಧನೆ

ಮಾನ್ಯ ಸಂಪಾದಕರೇ,

ತಮ್ಮ ವಿಜ್ಞಾನ ಪುರವಣಿಯಲ್ಲಿ ಬೈಜಿಕ ರೇಖಾಗಣಿತವನ್ನು ಕುರಿತ ಲೇಖನ ಪ್ರಕಟವಾದದ್ದು ಸಂತೋಷವೇ. ಆದರೆ ಬೆಸ ದರ್ಜೆಯ ಬೆಟ್ಟಿ ಸಂಖ್ಯೆಗಳು (ಆಕೃತಿಯೊಂದರಲ್ಲಿ ಆಯಾ ಆಯಾಮದ ರಂಧ್ರಗಳನ್ನು ಎಣಿಸುವ ಸಂಖ್ಯೆಗಳು) ಸದಾ ಸಮಸಂಖ್ಯೆಗಳೆಂಬ ಹೇಳಿಕೆ, ನುಣುಪಾದ ಹಾಗೂ ಪೂರ್ಣವಾದ (ಬಿಂದುಗಳು ಬಿಟ್ಟುಹೋಗಿರದ) ಸಂಕೀರ್ಣ ವೆರೈಟಿಗಳಿಗೆ, ಅಂದರೆ ಬಹುಪದೋಕ್ತಿ ಸಮೀಕರಣಗಳಿಂದ ರೂಪುಗೊಳ್ಳುವ ಆಕೃತಿಗಳಿಗೆ, ಮಾತ್ರ ಎಂಬ ನಿಬಂಧನೆಯಿಲ್ಲದೆ ಅಚ್ಚಾಗಿದೆ. ಸೊನ್ನೆಯೊಂದನ್ನು ತೆಗೆದ ಸಂಕೀರ್ಣ ಸಮತಲವನ್ನೇ ನೋಡಿ: ಅದರ ಮೊದಲನೆಯ ಕೊಹೊಮಾಲಜಿಯ (ಆ ರಂಧ್ರಗಳನ್ನು ದಾಖಲಿಸುವ ಸದಿಶ ಅವಕಾಶದ) ಆಯಾಮ, ಅಂದರೆ ಮೊದಲನೆಯ ಬೆಟ್ಟಿ ಸಂಖ್ಯೆ, 1.

ಇದಕ್ಕೆ ಕಾರಣವನ್ನು ಗಣಿತಜ್ಞ ಪಿಯೆರ್ ಡೆಲೀನ್ 1970ರ ದಶಕದ ಆರಂಭದಲ್ಲಿ ಸ್ಪೆಕ್ಟ್ರಲ್ ಸೀಕ್ವೆನ್ಸ್ (ಕೊಹೊಮಾಲಜಿಯನ್ನು ‘ಪುಟ’ಗಳೆಂಬ ಹಂತಗಳಲ್ಲಿ ಲೆಕ್ಕಹಾಕುವ ಸಾಧನ) ಮೂಲಕ ತೋರಿಸಿಕೊಟ್ಟರು. ಸೊನ್ನೆ ಮತ್ತು ಅನಂತ ಎಂಬೆರಡು ಬಿಂದುಗಳನ್ನು ಸೇರಿಸಿದರೆ ಪೂರ್ಣವಾದ ಪ್ರೊಜೆಕ್ಟಿವ್ ರೇಖೆ ದೊರೆಯುತ್ತದೆ. ಆ ಬಿಂದುಗಳು ಕೊಡುವ 2 ಆಯಾಮದ ಅವಕಾಶದಿಂದ ರೇಖೆಯ ಎರಡನೆಯ ಕೊಹೊಮಾಲಜಿಗೆ, ಅಂದರೆ 1 ಆಯಾಮದ ಅವಕಾಶಕ್ಕೆ, ಹೋಗುವ ಗೈಸಿನ್ ಚಿತ್ರಣದಲ್ಲಿ (ಸೇರಿಸಿದ ಭಾಗದ ಕೊಹೊಮಾಲಜಿಯನ್ನು ಇಡೀ ಆಕೃತಿಯದಕ್ಕೆ ಒಯ್ಯುವ ರೇಖೀಯ ಚಿತ್ರಣ) ಸೊನ್ನೆಯಾಗುವ ಭಾಗವೇ ನಮ್ಮ ಮೊದಲನೆಯ ಕೊಹೊಮಾಲಜಿ. ಅದರ ತೂಕ (ಕೊಹೊಮಾಲಜಿಯ ಭಾಗಗಳಿಗೆ ಕೊಡುವ ಅಂಕ; ನುಣುಪಾದ, ಪೂರ್ಣವಾದ ವೆರೈಟಿಯಲ್ಲಿ ಅದು ದರ್ಜೆಯಷ್ಟೇ) 1 ಅಲ್ಲ, 2. ಬೆಸ ತೂಕದ ಭಾಗಗಳು ತಮ್ಮ ಸಂಕೀರ್ಣ ಸಂಯುಗ್ಮಗಳೊಡನೆ ಜೋಡಿಯಾಗಿಯೇ ಬರುತ್ತವೆ; ಇಲ್ಲಿ ತೂಕ ಸಮವಾದ್ದರಿಂದ ಅದು ಸಂಯುಗ್ಮದೊಡನೆ ಜೋಡಿಯಾಗದೆ ಒಂಟಿಯಾಗಿಯೇ ಉಳಿಯಬಲ್ಲದು.

ಯಾವುದೇ ನುಣುಪಾದ ಅಪೂರ್ಣ ವೆರೈಟಿಗೂ ಇಂಥ ಅಚ್ಚುಕಟ್ಟಾದ ಅಂಚನ್ನು ಸೇರಿಸಿ ಪೂರ್ಣಗೊಳಿಸಬಹುದೆಂಬುದಕ್ಕೆ ಜಪಾನಿನ ಗಣಿತಜ್ಞ ಹಿರೋನಾಕ ಅವರ 1964ರ ಪ್ರಮೇಯವೇ ಆಧಾರ. ಭಾಗಲಬ್ಧ ಸಹಗುಣಕಗಳಲ್ಲಿ ತೂಕದ ಈ ಸೀಕ್ವೆನ್ಸ್ ಎರಡನೆಯ ಪುಟದಲ್ಲೇ ನಿಂತುಬಿಡುತ್ತದೆ, ಏಕೆಂದರೆ ಮುಂದಿನ ಪುಟಗಳಲ್ಲಿ ಭಾಗದಿಂದ ಭಾಗಕ್ಕೆ ಹೋಗುವ ಚಿತ್ರಣಗಳಾದ ಡಿಫರೆನ್ಷಿಯಲ್‌ಗಳು ಬೇರೆ ಬೇರೆ ತೂಕಗಳ ನಡುವೆ ಹಾಯಬೇಕಾಗಿ ಬಂದು ಸೊನ್ನೆಯಾಗುತ್ತವೆ. (ಸ್ಪೆಕ್ಟ್ರಲ್ ಸೀಕ್ವೆನ್ಸ್ ಎಂಬ ಈ ಸಾಧನವನ್ನು ಫ್ರೆಂಚ್ ಗಣಿತಜ್ಞ ಝಾನ್ ಲರೇ ರೂಪಿಸಿದ್ದು ಎರಡನೆಯ ಮಹಾಯುದ್ಧದಲ್ಲಿ, ಆಸ್ಟ್ರಿಯಾದ ಯುದ್ಧಕೈದಿಗಳ ಶಿಬಿರದಲ್ಲಿದ್ದಾಗ ಮಾಡಿದ ಕೆಲಸದಿಂದ ಎಂಬುದನ್ನೂ ಲೇಖನ ಹೇಳಬಹುದಿತ್ತು.)

ವಿದ್ಯಾರ್ಥಿಗಳೂ ಓದುವ ಪುರವಣಿಯಾದ್ದರಿಂದ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಗಣಿತ ಅಧ್ಯಾಪಕ, ಧಾರವಾಡ