ನೋವಿನ ಮಾತ್ರೆಯ ಚೀಟಿಗೆ ಮೊಹರು ಬೀಳಲಿ

ಮಾನ್ಯ ಸಂಪಾದಕರೇ,

ಪ್ರತಿವರ್ಷ ಜೂನ್ 26ರ ಮಾದಕ ವಸ್ತು ವಿರೋಧಿ ದಿನ ಹತ್ತಿರವಾಗುತ್ತಿದ್ದಂತೆ ಮಂಗಳೂರು, ಉಡುಪಿಯ ರಸ್ತೆಗಳಲ್ಲಿ ವಿದ್ಯಾರ್ಥಿಗಳ ಜಾಥಾ ಹೊರಡುತ್ತದೆ, ಕಾಲೇಜುಗಳಲ್ಲಿ ಪೊಲೀಸ್ ಅಧಿಕಾರಿಗಳ ಉಪನ್ಯಾಸ ನಡೆಯುತ್ತದೆ, ಮರುದಿನ ಪತ್ರಿಕೆಗಳಲ್ಲಿ ಚಿತ್ರಗಳೂ ಬರುತ್ತವೆ. ಗಾಂಜಾ, ಎಂಡಿಎಂಎ ಕುರಿತ ಈ ಎಚ್ಚರಿಕೆ ಬೇಕಾದದ್ದೇ. ಆದರೆ ಅವು ಬರುವ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲೇ ಇರುವ ಇನ್ನೊಂದು ಪದಾರ್ಥವು ಮಂಡಿನೋವಿನ ಮಾತ್ರೆಯ ಹೆಸರಿನಲ್ಲಿ ನಮ್ಮದೇ ಮನೆಗಳ ಮದ್ದಿನ ಡಬ್ಬಿಯಲ್ಲಿ ಕುಳಿತಿದೆ ಎಂಬುದನ್ನು ಆ ವೇದಿಕೆಗಳಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನಾಗಿ ಅದರ ಬಗ್ಗೆ ತಮ್ಮ ಓದುಗರ ಗಮನ ಸೆಳೆಯಲು ಬಯಸುತ್ತೇನೆ.

ನಾನು ಹೇಳುತ್ತಿರುವುದು ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿಸಿ ಮಾಡಿದ ಮಾತ್ರೆಗಳ ವಿಷಯ. ಅಲ್ಟ್ರಾಸೆಟ್ ಎಂಬ ಹೆಸರು ಹಲವರಿಗೆ ಪರಿಚಿತ. ಬೇರೆ ಕಂಪೆನಿಗಳದೂ ಬೇಕಾದಷ್ಟಿವೆ. ಸಾಮಾನ್ಯವಾಗಿ ಒಂದು ಮಾತ್ರೆಯಲ್ಲಿ 37.5 ಮಿಲಿಗ್ರಾಂ ಟ್ರಮಡಾಲ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಟ್ರಮಡಾಲ್ ಒಪಿಯಾಯ್ಡ್ ವರ್ಗಕ್ಕೆ, ಅಂದರೆ ಅಫೀಮು, ಮಾರ್ಫಿನ್‌ಗಳ ಬಳಗಕ್ಕೆ ಸೇರಿದ್ದು. ಅವುಗಳಷ್ಟು ಪ್ರಬಲವಲ್ಲದಿದ್ದರೂ ಮಿದುಳಿನಲ್ಲಿ ಅದು ಹಿಡಿಯುವ ದಾರಿ ಅದೇ. ಶಸ್ತ್ರಚಿಕಿತ್ಸೆಯ ನಂತರ, ಮೂಳೆ ಮುರಿದಾಗ, ಕ್ಯಾನ್ಸರ್ ನೋವಿನಲ್ಲಿ, ಬೇರೆ ನೋವು ನಿವಾರಕಗಳು ಮೂತ್ರಪಿಂಡಕ್ಕೋ ಹೊಟ್ಟೆಗೋ ಒಗ್ಗದವರಲ್ಲಿ ಇದು ದೊಡ್ಡ ಉಪಕಾರವನ್ನೇ ಮಾಡುತ್ತದೆ. ನೋವಿನಲ್ಲಿ ನರಳುವವರಿಗೆ ಇದು ಸಿಗದಂತೆ ಮಾಡಬೇಕೆಂದು ನಾನು ಖಂಡಿತ ಹೇಳುತ್ತಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಅನುಸೂಚಿಯಲ್ಲಿ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ, ಮಾರಿದ್ದಕ್ಕೆ ದಾಖಲೆ ಇಡಬೇಕಾದ ಔಷಧಗಳ ಪಟ್ಟಿಯಲ್ಲಿ ಟ್ರಮಡಾಲ್ ಇದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೂ ತಂದಿತು. ಎಚ್1 ಔಷಧವನ್ನು ಮಾರುವ ಅಂಗಡಿಯು ಬರೆದುಕೊಟ್ಟ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಕೊಟ್ಟ ಪ್ರಮಾಣ ಇವಿಷ್ಟನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಇದಕ್ಕಿಂತ ಹಳೆಯದಾದ, ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ನಿಯಮವಿದೆ. ಮತ್ತೆ ಕೊಡಬಹುದು ಎಂದು ವೈದ್ಯರೇ ಚೀಟಿಯಲ್ಲಿ ಬರೆಯದಿದ್ದರೆ ಅದೇ ಚೀಟಿಗೆ ಎರಡನೇ ಸಲ ಮದ್ದು ಕೊಡುವಂತಿಲ್ಲ. ಕೊಟ್ಟಾಗ ವೈದ್ಯರ ಸಹಿಯ ಮೇಲ್ಭಾಗದಲ್ಲಿ ಅಂಗಡಿಯ ಹೆಸರು, ವಿಳಾಸ ಮತ್ತು ಕೊಟ್ಟ ದಿನಾಂಕವನ್ನು ನಮೂದಿಸಬೇಕು. ಒಂದು ರಬ್ಬರ್ ಮೊಹರು ಒತ್ತಿದರೆ ಮುಗಿಯುವ ಕೆಲಸವಿದು, ಮತ್ತು ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ ನಮ್ಮ ಊರುಗಳಲ್ಲಿ ಅತ್ಯಂತ ಕಡಿಮೆ ಪಾಲನೆಯಾಗುತ್ತಿರುವ ನಿಯಮವೂ ಇದೇ.

ಇತ್ತೀಚೆಗೆ ನೆರೆಮನೆಯ ಹಿರಿಯ ಮಹಿಳೆಯೊಬ್ಬರು ತಮ್ಮ ಮದ್ದಿನ ಚೀಟಿಯನ್ನು ತೋರಿಸಿದರು. ಬೀಡಿ ಕಟ್ಟಿ ಸೊಂಟ ಬಾಗಿದವರು ಅವರು. ಚೀಟಿ ಹರಿಯದಿರಲೆಂದು ಮಗ ಅದಕ್ಕೆ ಲ್ಯಾಮಿನೇಶನ್ ಮಾಡಿಸಿದ್ದ! ಅದರಲ್ಲಿ ಐದು ದಿನಕ್ಕೆಂದು ಬರೆದದ್ದು ಪ್ಲಾಸ್ಟಿಕ್ಕಿನೊಳಗೆ ಸ್ಪಷ್ಟವಾಗಿ ಕಾಣುತ್ತಿತ್ತು; ದಿನಾಂಕ ಮಾತ್ರ ಎರಡು ಮಳೆಗಾಲಗಳ ಹಿಂದಿನದು. ಆ ಪ್ಲಾಸ್ಟಿಕ್ ಹಾಳೆಯನ್ನು ಕೌಂಟರಿನ ಮೇಲಿಟ್ಟರೆ ಮಾತ್ರೆ ಸಿಗುತ್ತಿತ್ತು ಎಂದರೆ ಹೆಚ್ಚು ವಿವರಿಸಬೇಕಾಗಿಲ್ಲ. ಡಬ್ಬಿಯಲ್ಲಿದ್ದದ್ದು ಕತ್ತರಿಯಿಂದ ತುಂಡರಿಸಿದ ನಾಲ್ಕು ಮಾತ್ರೆಗಳ ಸ್ಟ್ರಿಪ್ಪು. ಮದ್ದಿನ ಹೆಸರು, ಅವಧಿ ಮುಗಿಯುವ ದಿನಾಂಕ, ಕೆಂಪು ಚೌಕಟ್ಟಿನ ಎಚ್ಚರಿಕೆ, ಮಾದಕ ವಸ್ತು ಕಾಯ್ದೆಯಡಿಯ ಔಷಧಗಳ ಮೇಲಿರಬೇಕಾದ ಕೆಂಪಕ್ಷರದ ಎನ್‌ಆರ್‌ಎಕ್ಸ್ ಗುರುತು, ಯಾವುದೂ ಆ ತುಂಡಿನಲ್ಲಿ ಉಳಿದಿರಲಿಲ್ಲ. ಅದರಲ್ಲೇ ಎರಡನ್ನು ಅವರು ತಮ್ಮ ತಂಗಿಗೂ ಕೊಟ್ಟಿದ್ದರು, ಪಾಪ, ಅವಳಿಗೂ ಸೊಂಟನೋವೆಂದು.

ಕರಾವಳಿಯಲ್ಲಿ ಮೈಕೈ ನೋವಿಗೆ ಬರವಿಲ್ಲ. ಬೀಡಿ, ಅಡಿಕೆ ತೋಟ, ಮಲ್ಪೆಯ ಬೋಟು, ಹಂಚಿನ ಕಾರ್ಖಾನೆ ಎಲ್ಲವೂ ಬೆನ್ನು ಮಂಡಿಗಳನ್ನು ಸವೆಸುವ ದುಡಿಮೆಯೇ. 2008ರಲ್ಲಿ ದಕ್ಷಿಣ ಕನ್ನಡವನ್ನು ಕಾಡಿದ ಚಿಕುನ್‌ಗುನ್ಯದ ಗಂಟುನೋವನ್ನು ತಿಂಗಳುಗಟ್ಟಲೆ ಅನುಭವಿಸಿದವರು ಈಗಲೂ ಆ ಮಾತೆತ್ತುತ್ತಾರೆ. ಆದ್ದರಿಂದ ಒಬ್ಬರಿಗೆ ಗುಣ ಕೊಟ್ಟ ಮಾತ್ರೆ ಇನ್ನೊಬ್ಬರ ಕೈಗೆ ದಾಟುವುದು ನಮ್ಮಲ್ಲಿ ಸಹಜವಾಗಿದೆ. ಆದರೆ ಟ್ರಮಡಾಲ್ ಎಲ್ಲರ ದೇಹದಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ. ಯಕೃತ್ತಿನ ಒಂದು ಕಿಣ್ವವು ಅದನ್ನು ಇನ್ನಷ್ಟು ಪ್ರಬಲವಾದ ರೂಪಕ್ಕೆ ಬದಲಾಯಿಸುತ್ತದೆ, ಮತ್ತು ಆ ಕಿಣ್ವದ ವೇಗ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕೆಲವರಿಗೆ ಮಾತ್ರೆ ನಾಟುವುದೇ ಇಲ್ಲ. ಕೆಲವರಿಗೆ ಅದೇ ಪ್ರಮಾಣ ಅತಿಯಾಗಿ ಉಸಿರಾಟವೇ ನಿಧಾನಿಸಬಹುದು. ಈ ಕಾರಣಕ್ಕಾಗಿಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2017ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಟ್ರಮಡಾಲ್ ಕೊಡಲೇಬಾರದೆಂದೂ ಹಾಲುಣಿಸುವ ತಾಯಂದಿರು ಅದನ್ನು ತೆಗೆದುಕೊಳ್ಳಬಾರದೆಂದೂ ಎಚ್ಚರಿಸಿತು.

ಮದ್ಯದೊಂದಿಗೆ ಇದರ ನಂಟು ಕೆಟ್ಟದ್ದು. ದಿನವಿಡೀ ದುಡಿದು ಬಂದವನು ಮಾತ್ರೆ ನುಂಗಿ ಮೇಲೊಂದು ಕ್ವಾರ್ಟರ್ ಹಾಕಿದರೆ ಎರಡೂ ಸೇರಿ ಉಸಿರಾಟದ ಕೇಂದ್ರವನ್ನು ಮಂದಗೊಳಿಸುತ್ತವೆ. ನಿದ್ದೆಗೆಂದು ಅಲ್ಪ್ರಾಜೊಲಾಮ್ ತೆಗೆದುಕೊಳ್ಳುವವರಿಗೂ ಇದೇ ಅಪಾಯ. ಫಿಟ್ಸ್ ಕಾಯಿಲೆಯಿರುವವರಿಗೆ ಟ್ರಮಡಾಲ್ ಫಿಟ್ಸ್ ಬರಿಸಬಲ್ಲದು, ಪ್ರಮಾಣ ಮೀರಿದರೆ ಇಲ್ಲದವರಿಗೂ ಬರಬಹುದು. ಖಿನ್ನತೆಗೆ ಎಸ್ಸಿಟಲೊಪ್ರಾಮ್, ಸರ್ಟ್ರಲೀನ್‌ನಂತಹ ಮದ್ದು ಸೇವಿಸುವವರಲ್ಲಿ ಜೊತೆಗೆ ಇದೂ ಸೇರಿದರೆ ನಡುಕ, ಜ್ವರ, ತಳಮಳ, ಎದೆಬಡಿತದ ಏರಿಕೆ ಕಾಣಿಸಿಕೊಳ್ಳಬಹುದು. ಮಾನಸಿಕ ಚಿಕಿತ್ಸೆಯ ಮಾತ್ರೆಗಳನ್ನು ಮೂಳೆ ಡಾಕ್ಟರರ ಮುಂದೆ ಹೇಳಿಕೊಳ್ಳಲು ನಮ್ಮವರು ಸಂಕೋಚಪಡುವುದರಿಂದ ಇದನ್ನು ವಿಶೇಷವಾಗಿ ಬರೆಯಬೇಕಾಯಿತು. ವಯಸ್ಸಾದವರಿಗೆ ಮಲಬದ್ಧತೆ, ಮೂತ್ರ ಕಟ್ಟುವುದು, ತಲೆಸುತ್ತು. ಬಚ್ಚಲು ಹೊರಗಿರುವ ಹಳೆಯ ಮನೆಗಳಲ್ಲಿ ರಾತ್ರಿ ಎದ್ದು ಮೆಟ್ಟಿಲಿಳಿಯುವಾಗ ತಲೆ ತಿರುಗಿದರೆ ಮಂಡಿನೋವಿನ ಮದ್ದಿನಿಂದ ತೊಡೆಮೂಳೆ ಮುರಿದಂತಾಗುತ್ತದೆ.

ಜೊತೆಗಿರುವ ಪ್ಯಾರಾಸಿಟಮಾಲ್‌ನ ಲೆಕ್ಕವನ್ನು ಬಹುತೇಕರು ಮರೆಯುತ್ತಾರೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಅದರ ಗರಿಷ್ಠ ಮಿತಿ 4 ಗ್ರಾಂ. ನೋವಿಗೆಂದು ಈ ಮಿಶ್ರಣವನ್ನು ಎರಡೆರಡರಂತೆ ಮೂರು ಹೊತ್ತು ತೆಗೆದುಕೊಳ್ಳುವವರ ಹೊಟ್ಟೆಗೆ 1,950 ಮಿಲಿಗ್ರಾಂ ಹೋಗಿರುತ್ತದೆ. ಮಳೆಗಾಲದ ಜ್ವರ ಬಂದು ಮೇಲೆ ನಾಲ್ಕು ಡೋಲೋ 650 ನುಂಗಿದರೆ ಇನ್ನೂ 2,600. ಒಟ್ಟು 4,550 ಮಿಲಿಗ್ರಾಂ. ಮದ್ಯಪಾನದಿಂದ ಯಕೃತ್ತು ಮೊದಲೇ ಸೊರಗಿದವರಲ್ಲಿ, ಅಥವಾ ಬಂದಿರುವುದು ಯಕೃತ್ತನ್ನೇ ಹಿಡಿಯುವ ಇಲಿಜ್ವರವೋ ಡೆಂಗಿಯೋ ಆಗಿದ್ದರೆ, 4 ಗ್ರಾಂ ಕೂಡ ಸುರಕ್ಷಿತ ಮಿತಿಯಲ್ಲ. ಪ್ಯಾರಾಸಿಟಮಾಲ್ ಹೆಚ್ಚಾದರೆ ಮೊದಲ ದಿನ ವಾಕರಿಕೆಗಿಂತ ಹೆಚ್ಚೇನೂ ಕಾಣಿಸದಿರಬಹುದು; ಯಕೃತ್ತಿನ ಹಾನಿ ಆಮೇಲೆ ಬಯಲಾಗುತ್ತದೆ.

ವಾರಗಟ್ಟಲೆ ತೆಗೆದುಕೊಂಡವರು ಈ ಪತ್ರ ಓದಿ ಹೆದರಿ ನಾಳೆಯೇ ಥಟ್ಟನೆ ನಿಲ್ಲಿಸಬಾರದು. ಬೆವರು, ಆಕಳಿಕೆ, ಮೂಗು ಸೋರುವುದು, ಹೊಟ್ಟೆ ನುಲಿತ, ನಿದ್ದೆಗೇಡು ಶುರುವಾಗಿ, ಶೀತವಾಯಿತೆಂದೋ ನೋವು ಮರಳಿತೆಂದೋ ತಿಳಿದು ಮತ್ತೆ ಅದೇ ಮಾತ್ರೆಗೆ ಕೈಚಾಚುವಂತಾಗುತ್ತದೆ. ವೈದ್ಯರನ್ನು ಕಂಡು ಹಂತಹಂತವಾಗಿ ಇಳಿಸಬೇಕು. ಬಿಡಲಾಗುತ್ತಿಲ್ಲ ಎನ್ನುವವರಿಗೆ ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446 ಇದೆ. ಎಬ್ಬಿಸಿದರೂ ಏಳದ ಮಂಪರು, ನಿಧಾನವಾದ ಉಸಿರು, ನೀಲಿಗಟ್ಟಿದ ತುಟಿ ಕಂಡರೆ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು, ಮಾತ್ರೆಯ ಸ್ಟ್ರಿಪ್ಪನ್ನು ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಜಿಲ್ಲೆಗಳಿಗೇ ವಿಶೇಷವಾದ ಇನ್ನೊಂದು ಅಪಾಯವೂ ಇದೆ. ದುಬೈಗೋ ದಮ್ಮಾಮ್‌ಗೋ ಹೊರಟವರ ಕೈಯಲ್ಲಿ ಉಪ್ಪಿನಕಾಯಿ, ಹಪ್ಪಳಗಳ ಜೊತೆಗೆ ಅಲ್ಲಿರುವ ಬಾವನಿಗೋ ಅಣ್ಣನಿಗೋ ನೋವಿನ ಮಾತ್ರೆಯ ಕಟ್ಟನ್ನೂ ಕಳುಹಿಸುವ ರೂಢಿ ನಮ್ಮಲ್ಲಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ಟ್ರಮಡಾಲ್ ಕಟ್ಟುನಿಟ್ಟಿನ ನಿಯಂತ್ರಣದಲ್ಲಿರುವ ಔಷಧ. ಸಂಯುಕ್ತ ಅರಬ್ ಸಂಸ್ಥಾನಕ್ಕೆ ಅದನ್ನು ಒಯ್ಯಲು ಸ್ವಂತ ಬಳಕೆಗಾದರೂ ವೈದ್ಯರ ಚೀಟಿ ಬೇಕು, ಅಲ್ಲಿನ ಸರ್ಕಾರದ ಪೂರ್ವಾನುಮತಿಯೂ ಬೇಕು. ಬಜಪೆಯಲ್ಲಿ ವಿಮಾನ ಹತ್ತುವಾಗ ಇಲ್ಲದ ತೊಂದರೆ ಅಲ್ಲಿ ಇಳಿದಾಗ ಎದುರಾದರೆ, ಇನ್ನೊಬ್ಬರ ಕಟ್ಟನ್ನು ಉಪಕಾರಕ್ಕೆ ಹೊತ್ತವನು ಜೈಲು ಸೇರಬೇಕಾದೀತು.

ಔಷಧ ನಿಯಂತ್ರಣ ಇಲಾಖೆ ಹಾಗೂ ಔಷಧ ವ್ಯಾಪಾರಿಗಳಲ್ಲಿ ನನ್ನ ವಿನಂತಿ ಇಷ್ಟು: ಈ ಮಾತ್ರೆ ಕೊಟ್ಟ ಪ್ರತಿ ಚೀಟಿಗೂ ದಿನಾಂಕಸಹಿತ ಮೊಹರು ಒತ್ತಬೇಕು, ಮತ್ತು ಸ್ಟ್ರಿಪ್ಪನ್ನು ಕತ್ತರಿಸಿ ಕೊಡುವಾಗ ಹಿಂದಿನವರು ಮಾಡುತ್ತಿದ್ದಂತೆ ಕಾಗದದ ಲಕೋಟೆಯ ಮೇಲೆ ಮದ್ದಿನ ಹೆಸರು, ಹೊತ್ತು, ಕೊನೆಯ ದಿನ ಇವನ್ನು ಕನ್ನಡದಲ್ಲಿ ಬರೆದುಕೊಡಬೇಕು. ವೈದ್ಯರು ಎಷ್ಟು ದಿನಕ್ಕೆಂಬುದನ್ನು ಅಂಕೆಯ ಜೊತೆಗೆ ಅಕ್ಷರದಲ್ಲೂ ಬರೆದರೆ ತಿದ್ದುವುದಕ್ಕೆ ಅವಕಾಶವಿರದು. ಉಳಿದ ಮಾತ್ರೆಗಳ ವಿಲೇವಾರಿಯದು ಬೇರೆಯೇ ತೊಡಕು. ಟ್ರಮಡಾಲ್‌ನಂತಹ ಔಷಧಗಳನ್ನು ಶೌಚಾಲಯಕ್ಕೆ ಹಾಕಿ ನೀರು ಬಿಡುವಂತೆ ಕೇಂದ್ರದ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ 2025ರಲ್ಲಿ ಸೂಚಿಸಿದೆ. ಕಕ್ಕಸುಗುಂಡಿಯಿಂದ ಅನತಿ ದೂರದಲ್ಲೇ ಕುಡಿಯುವ ನೀರಿನ ಬಾವಿಯಿರುವ ನಮ್ಮ ಮನೆಗಳಿಗೆ ಈ ಸೂಚನೆ ಹೇಗೆ ಒಪ್ಪೀತೋ ನನಗಂತೂ ಅನುಮಾನ. ನೆರೆಯ ಕೇರಳದ ಔಷಧ ನಿಯಂತ್ರಣ ಇಲಾಖೆಯು ಅದೇ ವರ್ಷ ಕೋಯಿಕ್ಕೋಡ್‌ನಲ್ಲಿ ಮನೆಗಳಲ್ಲಿ ಉಳಿದ ಔಷಧಗಳನ್ನು ಸಂಗ್ರಹಿಸುವ ಯೋಜನೆಯನ್ನು ಆರಂಭಿಸಿದೆ. ಮಂಗಳೂರಿನ ವೆನ್ಲಾಕ್ ಮತ್ತು ಉಡುಪಿಯ ಜಿಲ್ಲಾಸ್ಪತ್ರೆಗಳ ಔಷಧ ವಿತರಣೆಯ ಕಿಟಕಿಯ ಬಳಿ ಬೀಗವಿರುವ ಅಂಥದ್ದೊಂದು ಪೆಟ್ಟಿಗೆಯನ್ನು ಇರಿಸುವ ಬಗ್ಗೆ ಎರಡೂ ಜಿಲ್ಲಾಡಳಿತಗಳು ಪರಿಶೀಲಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಫಾರ್ಮಸಿಸ್ಟ್, ಕುಂಜಿಬೆಟ್ಟು, ಉಡುಪಿ